ಅಮಲು, ಮೆದುಳು ಮತ್ತು ಸಾವಿನ ಸಂದೇಶ ಒಯ್ಯುವ ಒಂದು ಪ್ರೋಟೀನು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ ಕಂಪ್ಯೂಟರ್ ಬಗ್ಗೆ ಮಾತಾಡಿ ಎಂದಿದ್ದರು. ಕಂಪ್ಯೂಟರ್ ಬಗ್ಗೆ ಈಗ ನನಗಿಂತ ಈ ಮಕ್ಕಳಿಗೇ ಹೆಚ್ಚು ಗೊತ್ತಿರುತ್ತದೆ. ಹಾಗಾಗಿ ನಾನೇ ಕೇಳಿ ಬೇರೆ ವಿಷಯ ತೆಗೆದುಕೊಂಡೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ, ಡಾಕ್ಟರಲ್ಲ. ಆದರೆ ನಮ್ಮೂರ ಕಡೆ ಪದೇ ಪದೇ ಕೇಳುವ ಒಂದು ಮಾತು ಎಷ್ಟು ನಿಜ ಎಂದು ತಿಳಿಯಬೇಕು ಅನ್ನಿಸಿ ಎರಡು ಮೂರು ವರ್ಷದಿಂದ ಸಿಕ್ಕಿದ್ದೆಲ್ಲ ಓದುತ್ತಾ ಬಂದಿದ್ದೇನೆ. ಆ ಮಾತು ಇದು: "ಕುಡಿದೂ ಕುಡಿದೂ ಅವನ ಮೆದುಳಿನ ನರವೆಲ್ಲ ಸತ್ತುಹೋಗಿದೆ. ಇನ್ನು ಅವನಿಗೆ ದುಡ್ಡು ಸುರಿದು ಪ್ರಯೋಜನ ಇಲ್ಲ, ಬಿಟ್ಟುಬಿಡಿ."

ಇದನ್ನು ಹೇಳುವವರು ಕೆಟ್ಟವರಲ್ಲ. ಹತ್ತು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸೋತವರೇ ಹೆಚ್ಚಾಗಿ ಹೇಳುತ್ತಾರೆ. ಆದರೆ ಈ ಮಾತಿನ ಮೊದಲರ್ಧ ಒಂದು ವಿಜ್ಞಾನದ ಮಾತು. ಅದನ್ನು ಪರೀಕ್ಷೆ ಮಾಡಬಹುದು. ಮೊದಲರ್ಧ ಸುಳ್ಳಾದರೆ ಎರಡನೆಯ ಅರ್ಧಕ್ಕೆ, ಬಿಟ್ಟುಬಿಡಿ ಎನ್ನುವುದಕ್ಕೆ, ಆಧಾರ ಉಳಿಯುವುದಿಲ್ಲ.

ಮೊದಲು ಜೀವಕೋಶ ಹೇಗೆ ಸಾಯುತ್ತದೆ ಎನ್ನುವುದನ್ನು ನೋಡೋಣ. ತೋಟ ಇರುವವರಿಗೆ ಇದು ಕಷ್ಟವಲ್ಲ. ಅಡಿಕೆ ಮರದಲ್ಲಿ ಹಣ್ಣಾದ ಸೋಗೆ ಹಾಳೆಯ ಸಮೇತ ತಾನಾಗಿ ಕಳಚಿ ಬೀಳುತ್ತದೆ. ಮರಕ್ಕೆ ಗಾಯವಾಗುವುದಿಲ್ಲ, ಕಾಂಡದ ಮೇಲೆ ಒಂದು ಬಳೆಯಂಥ ಗುರುತು ಉಳಿಯುತ್ತದೆ ಅಷ್ಟೆ. ಮಳೆಗಾಲದಲ್ಲಿ ಕೊಳೆ ಬಂದು ಕಾಯಿ ಉದುರುವುದು ಬೇರೆ, ಗಾಳಿಗೆ ಮರ ಮುರಿಯುವುದು ಬೇರೆ. ಜೀವಕೋಶದ ಸಾವಿನಲ್ಲೂ ಹೀಗೆ ಬಗೆಗಳಿವೆ. ಏಟು ಬಿದ್ದು, ಉಸಿರು ಕಟ್ಟಿ, ಒಡೆದು ಸಾಯುವುದು ಒಂದು. ತನ್ನೊಳಗಿನ ಆಜ್ಞೆಯ ಪ್ರಕಾರ ಮಡಚಿಕೊಂಡು, ಅಕ್ಕಪಕ್ಕದವರಿಗೆ ತೊಂದರೆ ಕೊಡದೆ ಸಾಯುವುದು ಇನ್ನೊಂದು. ಈ ಎರಡನೆಯದಕ್ಕೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು 'ಅಪಾಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಎಲೆ ಉದುರುವುದು. ನಮ್ಮ ಕಡೆಯವರು ಹೆಸರಿಟ್ಟಿದ್ದರೆ 'ಹಾಳೆ ಬೀಳುವುದು' ಎಂದೇ ಇಡುತ್ತಿದ್ದರೇನೋ.

ಇದು ಆಕಸ್ಮಿಕವಲ್ಲ, ವಂಶವಾಹಿಯಲ್ಲೇ ಬರೆದಿಟ್ಟ ಕಾರ್ಯಕ್ರಮ ಎಂದು ತೋರಿಸಿದ್ದು ಒಂದು ಮಿಲಿಮೀಟರ್ ಉದ್ದದ ಹುಳು. ಅದರ ದೇಹ ಬೆಳೆಯುವಾಗ 1090 ಜೀವಕೋಶಗಳು ಹುಟ್ಟುತ್ತವೆ. ಪ್ರತಿ ಹುಳುವಿನಲ್ಲೂ ಲೆಕ್ಕ ಹಾಕಿದಂತೆ 131 ಸಾಯುತ್ತವೆ, ಅದೂ ಅವೇ 131. ಆ ಕೆಲಸಕ್ಕೆ ಬ್ರೆನ್ನರ್, ಹಾರ್ವಿಟ್ಸ್, ಸಲ್ಸ್ಟನ್ ಮೂವರಿಗೆ 2002ರ ನೊಬೆಲ್ ಬಂತು. ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಮನುಷ್ಯನ ಮೆದುಳಿನಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಗರ್ಭದಲ್ಲಿ ಇದಕ್ಕಿಂತ ಬಹಳ ಹೆಚ್ಚು ಹುಟ್ಟುತ್ತವೆ. ಸರಿಯಾದ ಸಂಪರ್ಕ ಸಿಗದವು ಈ ಹಾಳೆ ಬೀಳುವ ಕ್ರಮದಲ್ಲೇ ಹೋಗುತ್ತವೆ. ಉಳಿದವು ಬಹುಪಾಲು ನಾವು ಸಾಯುವ ತನಕ ಇರಬೇಕಾದವು. ಚರ್ಮದಂತೆ, ರಕ್ತದಂತೆ ದಿನವೂ ಹೊಸದಾಗುವ ಸರಕಲ್ಲ. ಹಾಗಾಗಿ ಮೆದುಳಿನಲ್ಲಿ ಸಾವಿನ ಆಜ್ಞೆಗೆ ಬಿಗಿಯಾದ ಕಾವಲು ಇರಲೇಬೇಕು.

ಆ ಆಜ್ಞೆ ಹೋಗುವ ಒಂದು ದಾರಿಯನ್ನು ಹೇಳುತ್ತೇನೆ. ಜೀವಕೋಶದ ಹೊರಗೋಡೆಯಲ್ಲಿ 'ಫಾಸ್' ಎಂಬ ಪ್ರೋಟೀನು ಕರೆಗಂಟೆಯಂತೆ ಇರುತ್ತದೆ. ಹೊರಗಿನಿಂದ ಅದಕ್ಕೆ ಹೊಂದುವ ಇನ್ನೊಂದು ಪ್ರೋಟೀನು ಬಂದು ಒತ್ತಿದರೆ ಒಳಗೆ 'ಫ್ಯಾಡ್' ಎಂಬುದು ಬಂದು ಗಂಟೆಯ ಹಿಂಬದಿಗೆ ಅಂಟಿಕೊಳ್ಳುತ್ತದೆ. ಇದು ಬರೇ 208 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು. ಕೆಲಸ ಅಡಾಪ್ಟರಿನದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವ ಅಡಾಪ್ಟರ್ ಇದೆಯಲ್ಲ, ಅದೇ. ಒಂದು ತುದಿ ಫಾಸ್ ಅನ್ನು ಹಿಡಿಯುತ್ತದೆ, ಇನ್ನೊಂದು ತುದಿ 'ಕ್ಯಾಸ್ಪೇಸ್' ಎಂಬ ಕಿಣ್ವವನ್ನು ಹಿಡಿಯುತ್ತದೆ. ಕ್ಯಾಸ್ಪೇಸ್ ಎಂದರೆ ಪ್ರೋಟೀನನ್ನೇ ಕತ್ತರಿಸುವ ಕತ್ತಿ. ಮಾಮೂಲಿ ದಿನಗಳಲ್ಲಿ ಅದು ಕೊನೆಗಾರನ ಸೊಂಟದ ಕೊಕ್ಕೆಯಲ್ಲಿ ತೂಗುವ ಕತ್ತಿಯ ಹಾಗೆ ಸುಮ್ಮನೆ ಇರುತ್ತದೆ. ಫ್ಯಾಡ್ ನಾಲ್ಕಾರನ್ನು ಒಟ್ಟಿಗೆ ತಂದಾಗ ಅವು ಒಂದನ್ನೊಂದು ಕೊರೆದು ಎಚ್ಚರಗೊಳ್ಳುತ್ತವೆ. ಆಮೇಲೆ ಜೀವಕೋಶದ ಕತೆ ಮುಗಿಯಿತು. 1995ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿಶ್ವ ದೀಕ್ಷಿತ್ ಅವರ ತಂಡ, ಇಸ್ರೇಲಿನಲ್ಲಿ ಡೇವಿಡ್ ವಾಲಾಕ್ ಅವರ ತಂಡ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದವು.

ಹೆಸರಿನಲ್ಲೇ 'ಸಾವು' ಇರುವ ಈ ಪ್ರೋಟೀನನ್ನು ತೆಗೆದುಬಿಟ್ಟರೆ ಪ್ರಾಣಿ ಚಿರಂಜೀವಿ ಆಗಬೇಕಲ್ಲವೆ? 1998ರಲ್ಲಿ ಫ್ಯಾಡ್ ಇಲ್ಲದ ಇಲಿಗಳನ್ನು ಬೆಳೆಸಲು ನೋಡಿದರು. ಒಂದೂ ಹುಟ್ಟಲಿಲ್ಲ. ಹೃದಯ ಸರಿಯಾಗಿ ಬೆಳೆಯದೆ ಗರ್ಭದಲ್ಲೇ ಸತ್ತವು. ಎಂದರೆ ಅದಕ್ಕೆ ಬದುಕಿಸುವ ಕೆಲಸವೂ ಇದೆ. ಈ ಪ್ರೋಟೀನಿಗೆ ಒಂದು ಫಾಸ್ಫೇಟ್ ಚೀಟಿ ಅಂಟಿಸಿದರೆ ಅದು ಬೇರೆ ಕೆಲಸಗಳಿಗೆ, ಜೀವಕೋಶ ಬೆಳೆಯುವ, ಹೊಂದಿಕೊಳ್ಳುವ ಕೆಲಸಗಳಿಗೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಅಮಲಿಗೆ ಬರೋಣ. ಸ್ಪೇನಿನ ಬಾಲೆಯಾರಿಕ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಗಾರ್ಸಿಯಾ ಸೆವಿಲ್ಲಾ, ಗಾರ್ಸಿಯಾ ಫುಸ್ಟರ್ ಮತ್ತು ಸಂಗಡಿಗರು ಅಫೀಮು ಜಾತಿಯ ಮಾದಕಗಳು ಈ ಫ್ಯಾಡ್ ಅನ್ನು ಏನು ಮಾಡುತ್ತವೆ ಎಂದು ವರ್ಷಗಟ್ಟಲೆ ನೋಡಿದರು. ಇಲಿಗೆ ಮೊದಲ ಸಲ ಮಾರ್ಫಿನ್ ಕೊಟ್ಟಾಗ ಮೆದುಳಿನ ಹೊರಪದರದಲ್ಲಿ ಫ್ಯಾಡ್ ಏರಿತು. ಇಲ್ಲಿಗೆ ನಿಲ್ಲಿಸಿದರೆ ನಮ್ಮೂರ ಮಾತೇ ನಿಜ, ಸಾವಿನ ಸಂದೇಶ ಹೊರಟಿತು ಅನ್ನಿಸುತ್ತದೆ. ಆದರೆ ಕತ್ತಿ ಎದ್ದಿದೆಯೇ ಎಂದು ನೋಡಿದರೆ, ಇಲ್ಲ. ಕ್ಯಾಸ್ಪೇಸ್ ಎಚ್ಚರಗೊಂಡ ಗುರುತಿರಲಿಲ್ಲ. ದಿನವೂ ಕೊಡುತ್ತಾ ಹೋದಾಗ ಆ ಏರಿಕೆಯೂ ನಿಂತಿತು. ಮೆದುಳು ಹೊಂದಿಕೊಂಡುಬಿಟ್ಟಿತ್ತು. ಮುಂದೆ 2008ರಲ್ಲಿ, ಬಹಳ ಕಾಲ ಹೆರಾಯಿನ್‌ನಂಥ ಮಾದಕ ಬಳಸಿ ತೀರಿಕೊಂಡ ಮನುಷ್ಯರ ಮೆದುಳಿನ ಮುಂಭಾಗವನ್ನು ಪರೀಕ್ಷಿಸಿದರು. ಅಲ್ಲಿ ಫ್ಯಾಡ್ ಹೆಚ್ಚಿರಲಿಲ್ಲ, ಕಡಿಮೆಯೇ ಆಗಿತ್ತು.

ಇದರ ಅರ್ಥ ಮಾದಕ ವಸ್ತು ಒಳ್ಳೆಯದು ಎಂದಲ್ಲ. ಸಾವಿನ ತಂತಿಯಲ್ಲಿ ಹೋಗುವ ಸಂದೇಶವೇ ಅಲ್ಲಿ ಬೇರೆ ಎಂದು. ಅಮಲು ಆ ಪ್ರೋಟೀನುಗಳನ್ನು ಹಿಡಿದು ಜೀವಕೋಶವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಅದರ ಹದವನ್ನು ತಿದ್ದುತ್ತದೆ. ಕೋಶ ಬದುಕಿದೆ, ಆದರೆ ಈಗ ಅದು ಅಮಲಿಗೆ ಹೊಂದಿಸಿದ ಕೋಶ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಾರ್ಡ್‌ವೇರ್ ಸುಟ್ಟಿಲ್ಲ, ಸೆಟ್ಟಿಂಗ್ ಬದಲಾಗಿದೆ. ಬದಲಾದ ಸೆಟ್ಟಿಂಗ್ ತಿರುಗಿಸುವುದು ಸುಲಭ ಎಂದು ನಾನು ಹೇಳುವುದಿಲ್ಲ, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಆದರೆ ಸುಟ್ಟದ್ದಕ್ಕೂ ಬದಲಾದದ್ದಕ್ಕೂ ವ್ಯತ್ಯಾಸ ಇದೆ.

ಇದು ಅಫೀಮಿನ ವಿಷಯ. ನಮ್ಮೂರಿನ ಸಮಸ್ಯೆ ಅಫೀಮಲ್ಲ, ಸಾರಾಯಿ ಎಂದು ಹಿರಿಯರು ಹೇಳಬಹುದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು. ಕುಡಿಯುವವರು ಪ್ಯಾಕೆಟ್ಟಿನಿಂದ ಬಾಟಲಿಗೆ ಹೋದರು, ಅಷ್ಟೇ ಆದದ್ದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಬಿಡಿಸಲು ಸಹಾಯ ಬೇಕು. ಹಾಗಾದರೆ ಮದ್ಯ ನರಕೋಶ ಕೊಲ್ಲುತ್ತದೆಯೆ?

ಇದರ ಮೇಲೆ ದೊಡ್ಡ ಚರ್ಚೆಯೇ ನಡೆದಿದೆ. 1987ರಲ್ಲಿ ಆಸ್ಟ್ರೇಲಿಯದ ಕ್ಲೈವ್ ಹಾರ್ಪರ್ ಮತ್ತು ಸಂಗಡಿಗರು ಮದ್ಯವ್ಯಸನಿಗಳ ಮೆದುಳಿನ ಮುಂಭಾಗದ ಒಂದು ಕಡೆ ನರಕೋಶಗಳು ಶೇ. 22ರಷ್ಟು ಕಡಿಮೆ ಇವೆ ಎಂದರು. 1993ರಲ್ಲಿ ಡೆನ್ಮಾರ್ಕಿನ ಯೆನ್ಸೆನ್, ಪಾಕೆನ್‌ಬರ್ಗ್ ಇಬ್ಬರು ಬೇರೆ ಎಣಿಕೆಯ ಕ್ರಮದಿಂದ ಇಡೀ ಹೊರಪದರ ಎಣಿಸಿ, ಒಟ್ಟು ಸಂಖ್ಯೆಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ ಎಂದರು. ನನ್ನ ಓದಿನಲ್ಲಿ ತಿಳಿದಂತೆ ಇಬ್ಬರದ್ದೂ ಪೂರ್ತಿ ಸುಳ್ಳಲ್ಲ. ಕೆಲವು ಜಾಗದಲ್ಲಿ ಕೋಶಗಳು ಹೋಗುತ್ತವೆ. ಆದರೆ ಕುಡುಕನ ಮೆದುಳು ಸ್ಕ್ಯಾನಿನಲ್ಲಿ ಕುಗ್ಗಿದಂತೆ ಕಾಣುವುದಕ್ಕೆ ಮುಖ್ಯ ಕಾರಣ ಕೋಶಗಳ ನಡುವಿನ ತಂತಿಗಳು, ಅದರ ಬಿಳಿ ಭಾಗ, ಸೊರಗುವುದು. ತೋಟ ನೀರಿಲ್ಲದೆ ಬಾಡಿದ್ದನ್ನು ದೂರದಿಂದ ನೋಡಿ ಮರವೆಲ್ಲ ಸತ್ತಿದೆ ಎಂದುಕೊಂಡಂತೆ. ಅಷ್ಟಕ್ಕೂ ಟೊರಾಂಟೊದ ಕಾರ್ಲೆನ್ ಎಂಬ ವೈದ್ಯರ ತಂಡ 1978ರಲ್ಲೇ, ಕುಡಿತ ಬಿಟ್ಟು ಉಳಿದವರ ಕುಗ್ಗಿದ ಮೆದುಳು ಕೆಲವರಲ್ಲಿ ಮತ್ತೆ ತುಂಬಿಕೊಂಡಿದ್ದನ್ನು ಸಿ.ಟಿ. ಸ್ಕ್ಯಾನಿನಲ್ಲಿ ತೋರಿಸಿತ್ತು. ಸತ್ತ ಕೋಶ ತುಂಬಿಕೊಳ್ಳುವುದಿಲ್ಲ, ಬಾಡಿದ್ದು ತುಂಬಿಕೊಳ್ಳುತ್ತದೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಡಾ. ವಿವೇಕ್ ಬೆನಗಲ್ ಮತ್ತು ಸಹೋದ್ಯೋಗಿಗಳು ಮದ್ಯವ್ಯಸನ ಹೆಚ್ಚಾಗಿರುವ ಕುಟುಂಬಗಳ ಗಂಡುಮಕ್ಕಳ, ಅದೂ ಇನ್ನೂ ಕುಡಿತ ಶುರುಮಾಡದವರ ಮೆದುಳನ್ನು ಎಂ.ಆರ್.ಐ.ನಲ್ಲಿ ನೋಡಿ 2007ರಲ್ಲಿ ಪ್ರಕಟಿಸಿದರು. ಕೆಲವು ಭಾಗಗಳು ಅವರಲ್ಲಿ ಮೊದಲೇ ಸಣ್ಣದಾಗಿದ್ದವು. ಒಂದು ಹನಿ ಮುಟ್ಟುವ ಮೊದಲು! ಅಂದರೆ ಕುಡುಕನ ಮೆದುಳಿನಲ್ಲಿ ಕಾಣುವ ವ್ಯತ್ಯಾಸವೆಲ್ಲ ಕುಡಿತದಿಂದ ಬಂದದ್ದಲ್ಲ. ಕೆಲವರು ಇಳಿಜಾರಿನ ಮೇಲೇ ಹುಟ್ಟಿರುತ್ತಾರೆ. "ಅಪ್ಪನ ಹಾಗೇ ಮಗ" ಎಂದು ಅಂಗಡಿ ಕಟ್ಟೆಯ ಮೇಲೆ ಕೂತು ನಗುವವರು ಇದನ್ನು ಸ್ವಲ್ಪ ಯೋಚಿಸಬೇಕು. ಅಂಥ ಮನೆಯ ಹುಡುಗನಿಗೆ ಮೊದಲ ಗ್ಲಾಸ್ ಕೊಡುವುದು ಬೇರೆಯವರಿಗೆ ಕೊಟ್ಟಂತಲ್ಲ.

ಹಾಗಂತ ಕೋಶಗಳು ನಿಜವಾಗಿ ಸಾಯುವ ಸಂದರ್ಭಗಳೇ ಇಲ್ಲವೆಂದಲ್ಲ. ಇವೆ. ಅವುಗಳನ್ನೇ ನಾನು ಊರಿಗೆ ಹೇಳಬೇಕೆಂದು ಬಂದದ್ದು, ಏಕೆಂದರೆ ಅವು ತಪ್ಪಿಸಬಹುದಾದವು.

ಗರ್ಭದ ಮಗುವಿನದು ಒಂದು. 2000ದಲ್ಲಿ ಜಾನ್ ಓಲ್ನಿಯವರ ತಂಡ ಏಳು ದಿನದ ಇಲಿಮರಿಗಳಿಗೆ ಮದ್ಯ ಕೊಟ್ಟು ನೋಡಿತು. ಇಲಿಮರಿಯ ಆ ವಯಸ್ಸು ನಮ್ಮಲ್ಲಿ ಗರ್ಭದ ಕೊನೆಯ ತಿಂಗಳುಗಳಿಗೆ ಸಮ. ಕೆಲವೇ ಗಂಟೆ ರಕ್ತದಲ್ಲಿ ಮದ್ಯ ಹೆಚ್ಚಿದ್ದುದಕ್ಕೆ ಮೆದುಳಿನ ತುಂಬ ಕೋಶಗಳು ಸಾಮೂಹಿಕವಾಗಿ ಉದುರಿದವು. ಇಲ್ಲಿ ಕತ್ತಿ ನಿಜವಾಗಿಯೂ ಎದ್ದಿತ್ತು. ಬೆಳೆಯುತ್ತಿರುವ ಕೋಶಕ್ಕೆ ಅಕ್ಕಪಕ್ಕದಿಂದ ಸುದ್ದಿ ಬರುತ್ತಿರಬೇಕು. ಮದ್ಯ ಅದನ್ನು ಮುಚ್ಚಿಬಿಡುತ್ತದೆ. ಸುದ್ದಿ ಬಾರದ ಕೋಶ ತಾನು ಬೇಡವಾದವನು ಎಂದುಕೊಂಡು ಸಾವಿನ ಕಾರ್ಯಕ್ರಮ ಶುರುಮಾಡುತ್ತದೆ. ಬಸುರಿಗೆ ನಿದ್ದೆ ಬರಲಿ, ಮೈಕೈ ನೋವು ಹೋಗಲಿ ಎಂದು ಒಂದು ಗುಟುಕು ಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ತಡೆಯಿರಿ.

ಇನ್ನೊಂದು, ಬಿ1 ಜೀವಸತ್ವದ ಕೊರತೆ. ಊಟ ಬಿಟ್ಟು ಕುಡಿಯುವವರಲ್ಲಿ ಇದು ಖಾಲಿಯಾಗುತ್ತದೆ, ಒಳಗೆ ಹೋದದ್ದೂ ಮದ್ಯದಿಂದಾಗಿ ಸರಿಯಾಗಿ ಹೀರಿಕೆಯಾಗುವುದಿಲ್ಲ. ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಗೊಂದಲ ಬಂದರೆ ಅದು ಅಮಲಲ್ಲದೆಯೂ ಇರಬಹುದು. ಆಗ ಬಿ1 ಇಂಜೆಕ್ಷನ್ ತಕ್ಷಣ ಬೇಕು, ಗ್ಲುಕೋಸ್ ಡ್ರಿಪ್ಪಿಗೆ ಮೊದಲು ಅಥವಾ ಜೊತೆಗೇ. ತಡವಾದರೆ ನೆನಪಿನ ಜಾಗದ ಕೋಶಗಳು ಹೋಗುತ್ತವೆ, ಮತ್ತೆ ಬರುವುದಿಲ್ಲ. "ನಿನ್ನೆಯದು ನೆನಪಿಲ್ಲ, ಇಲ್ಲದ ಕತೆ ಹೇಳುತ್ತಾನೆ" ಎನ್ನುವ ಸ್ಥಿತಿ ಇದೇ. ನಾಲ್ಕು ಕಾಸಿನ ಔಷಧಿ ತಪ್ಪಿಸಬಹುದಾದದ್ದು.

ಮೂರನೆಯದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಜೊತೆ ಓದಿದವನೊಬ್ಬ, ಹೆಸರು ಬೇಡ, ಹದಿನೈದು ವರ್ಷ ದಿನವೂ ಕುಡಿದವನು. ಮನೆಯವರು ದೇವರ ಮುಂದೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕಿದರು. ಮರುದಿನ ಸಂಜೆಗೆ ಕೈ ನಡುಕ, ಬೆವರು, ರಾತ್ರಿ ಫಿಟ್ಸ್. "ನಾಟಕ" ಎಂದು ಮೊದಲು ಯಾರೂ ಬಾಗಿಲು ತೆಗೆಯಲಿಲ್ಲ. ಆಗುಂಬೆ ಘಾಟಿ ಇಳಿಯುವ ಲಾರಿಯನ್ನು ಯೋಚಿಸಿ. ಮದ್ಯ ಮೆದುಳಿಗೆ ಬ್ರೇಕ್ ಹಾಕುತ್ತದೆ. ವರ್ಷಗಟ್ಟಲೆ ಬ್ರೇಕ್ ಒತ್ತಿಕೊಂಡೇ ಇದ್ದರೆ ಓಡಬೇಕಾದ ಮೆದುಳು ಆಕ್ಸಿಲರೇಟರ್ ಹೆಚ್ಚಿಸಿಕೊಳ್ಳುತ್ತದೆ, ಗ್ಲುಟಮೇಟ್ ಎಂಬ ರಾಸಾಯನಿಕದ ಗ್ರಾಹಕಗಳನ್ನು ಏರಿಸಿಕೊಳ್ಳುತ್ತದೆ. ಒಮ್ಮೆಲೇ ಬ್ರೇಕ್ ತೆಗೆದರೆ? ಅತಿ ಉದ್ರೇಕದಲ್ಲಿ ಕ್ಯಾಲ್ಸಿಯಂ ಕೋಶದೊಳಗೆ ನುಗ್ಗಿ, ಅದೇ ಸಾವಿನ ಕಿಣ್ವಗಳನ್ನು ಎಬ್ಬಿಸುತ್ತದೆ. ಕುಡಿತಕ್ಕಿಂತ, ತಪ್ಪಾಗಿ ಕುಡಿತ ಬಿಡಿಸುವುದು ಆ ಎರಡು ಮೂರು ದಿನದಲ್ಲಿ ಹೆಚ್ಚು ಅಪಾಯ. ದಿನವೂ ವಿಪರೀತ ಕುಡಿಯುವವನನ್ನು ಡಾಕ್ಟರ ಔಷಧಿಯಿಲ್ಲದೆ ಒಂದೇ ಸಲ ನಿಲ್ಲಿಸಬಾರದು. ನಮ್ಮ ಕಡೆ ಧರ್ಮಸ್ಥಳ ಯೋಜನೆಯವರ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ, ಅವುಗಳಿಂದ ಎಷ್ಟೋ ಮನೆ ಉಳಿದಿದೆ. ಶಿಬಿರಕ್ಕೆ ಸೇರಿಸುವವರು ಎಷ್ಟು ವರ್ಷದ ಕುಡಿತ, ಹಿಂದೆ ಫಿಟ್ಸ್ ಬಂದಿತ್ತೇ ಎನ್ನುವುದನ್ನು ಮುಚ್ಚಿಡದೆ ಹೇಳಿ. ನನ್ನ ಸಹಪಾಠಿ ಬದುಕಿದ್ದಾನೆ. ಈಗಲೂ ಔಷಧಿ ತೆಗೆದುಕೊಳ್ಳುತ್ತಾನೆ, ನಡುವೆ ಎರಡು ಸಲ ಮತ್ತೆ ಕುಡಿದ.

ಬೆಂಗಳೂರಿಗೆ ಓದಲು, ಕೆಲಸಕ್ಕೆ ಹೋಗುವ ಮಕ್ಕಳಿಗೆ ಒಂದು ಮಾತು. ಮೆಥಾಂಫೆಟಮಿನ್ ಜಾತಿಯ ಮಾತ್ರೆ, ಪುಡಿಗಳ ವಿಷಯದಲ್ಲಿ ನಾನು ಮೇಲೆ ಹೇಳಿದ ಸಮಾಧಾನ ಅನ್ವಯಿಸುವುದಿಲ್ಲ. 2005ರಲ್ಲಿ ಬಾಲ್ಟಿಮೋರ್‌ನ ಜಯಂತಿ, ಕಾಡೆ ಮತ್ತು ಸಂಗಡಿಗರು ತೋರಿಸಿದಂತೆ ಅದು ಇಲಿಯ ಮೆದುಳಿನಲ್ಲಿ ಫಾಸ್ ಗಂಟೆಯನ್ನು ಒತ್ತುವ ಪ್ರೋಟೀನನ್ನೇ ಹೆಚ್ಚಿಸುತ್ತದೆ, ಕೋಶಗಳು ನಿಜಕ್ಕೂ ಸಾಯುತ್ತವೆ. ಎಲ್ಲ ಅಮಲೂ ಒಂದೇ ಅಲ್ಲ.

ಅಡಿಕೆಯ ಮಾತು ಎತ್ತದಿದ್ದರೆ ನೀವೇ ಕೇಳುತ್ತೀರಿ. ನನ್ನ ಫೀಸು ಕಟ್ಟಿದ್ದೂ ಅಡಿಕೆಯೇ. ಈಗ ಎಲೆಚುಕ್ಕಿ ರೋಗದಲ್ಲಿ ಬೆಳೆಗಾರ ಸೋತಿರುವಾಗ ಇದನ್ನು ಹೇಳುವುದು ಕಷ್ಟ. ಆದರೂ ಅಡಿಕೆಯ ಅರೆಕೋಲಿನ್ ಎಂಬ ಅಂಶ ಮೆದುಳಿನಲ್ಲಿ ನಿಕೋಟಿನ್ ಕೂರುವ ಜಾಗಗಳ ಮೇಲೂ ಕೆಲಸ ಮಾಡುತ್ತದೆ ಎಂದು 2015ರಲ್ಲಿ ಫ್ಲಾರಿಡಾದವರು ತೋರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿಯೂ ಇಪ್ಪತ್ತು ವರ್ಷ ದಾಟಿತು. ಊಟದ ಮೇಲೆ ಅಜ್ಜ ಹಾಕುವ ಕವಳದ ಮೇಲೆ ನಾನು ಯುದ್ಧ ಹೂಡುವುದಿಲ್ಲ. ಎಂಟನೇ ಕ್ಲಾಸಿನ ಹುಡುಗನ ಜೇಬಿನ ಗುಟ್ಕಾ ಪ್ಯಾಕೆಟ್ಟಿನ ಬಗ್ಗೆ ಮಾತ್ರ ನನ್ನ ತಕರಾರು. ಮೆದುಳಿನ ಮುಂಭಾಗ, ಸಾಕು ಎಂದು ಹೇಳುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತು ದಾಟಿ ಎಷ್ಟೋ ವರ್ಷದ ಮೇಲೆ. ಅಡಿಪಾಯ ಹಸಿ ಇರುವಾಗ ಅಮಲಿಗೆ ಹೊಂದಿಸಿಕೊಂಡ ಮೆದುಳನ್ನು ಆಮೇಲೆ ತಿರುಗಿಸುವುದು ಬಹಳ ಕಷ್ಟ.

ಸಹಾಯ ಎಲ್ಲಿ ಎಂದರೆ, ದೂರ ಹೋಗಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಹೋಗುವ ಮೊದಲು ಕೊಪ್ಪದ ಆಸ್ಪತ್ರೆಯಲ್ಲಿ ದಿನ ವಿಚಾರಿಸಿಕೊಳ್ಳಿ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಭಾಷಣ ಮುಗಿದ ಮೇಲೆ ಚೀಟಿಯಲ್ಲಿ ಪ್ರಶ್ನೆ ಕೇಳಿ ಎಂದಿದ್ದೆ. ಎರಡನ್ನು ಸಂಪಾದಕರ ಒಪ್ಪಿಗೆಯಿಂದ ಇಲ್ಲಿ ಸೇರಿಸಿದ್ದೇನೆ.

ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳದು: "ಆ ಪ್ರೋಟೀನು ಬದುಕಿಸುವ ಕೆಲಸವನ್ನೂ ಮಾಡುವುದಾದರೆ ಅದಕ್ಕೆ ಸಾವಿನ ಹೆಸರು ಯಾಕಿಟ್ಟರು ಸರ್?" ಮೊದಲು ನೋಡಿದವರ ಕಣ್ಣಿಗೆ ಬಿದ್ದದ್ದು ಆ ಕೆಲಸ. ಉಳಿದ ಕೆಲಸ ಗೊತ್ತಾಗುವಷ್ಟರಲ್ಲಿ ಹೆಸರು ಅಂಟಿಬಿಟ್ಟಿತ್ತು.

ಇನ್ನೊಂದರಲ್ಲಿ ಹೆಸರಿರಲಿಲ್ಲ, ಪೆನ್ಸಿಲಿನಲ್ಲಿ ಬರೆದದ್ದು: "ಅಪ್ಪ ಕುಡಿಯುತ್ತಾರೆ. ಆ ನಂಬರಿಗೆ ದೊಡ್ಡವರೇ ಫೋನ್ ಮಾಡಬೇಕಾ, ನಾನು ಮಾಡಬಹುದಾ?" ನೀನೂ ಮಾಡಬಹುದು. 14416. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯಾದರೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.